ಮುಂದ ಸರೀರಿ, ಜಾಗಾ ಐತಿ

ಹಿಂದಿನಿಂದ ಮೂರನೇ ಸೀಟಿನ ಕಿಟಕಿಯ ಹುಡುಗಿ ಉಗುಳು ನುಂಗಿದಳು, ಒಂದು ಸಲ, ಈಗ ಇನ್ನೊಂದು ಸಲ, ಗಂಟಲು ಮೇಲೆ ಹೋಗಿ ಕೆಳಗೆ ಬಂತು, ತುಟಿಯ ಸುತ್ತ ಬಣ್ಣ ಇಳಿದಿದೆ, ಮೂಗಿನ ಮೇಲೆ ಬೆವರ ಹನಿ — ಜನವರಿಯ ಬೆಳಗಿನ ಒಂಬತ್ತು ಗಂಟೆಗೆ ಯಾರಿಗೆ ಬೆವರು ಬರುತ್ತದೆ — ಈಗ ಆಕಳಿಸಿದಳು, ಆಕಳಿಕೆ ಶುರುವಾದರೆ ಮುಗಿಯಿತು, ಇನ್ನು ಅರ್ಧ ತಾಸಿನೊಳಗೆ ಖಂಡಿತ, ನನಗೆ ಗೊತ್ತು, ನನ್ನಷ್ಟು ಚೆನ್ನಾಗಿ ಇದು ಯಾವ ಡಾಕ್ಟರಿಗೂ ಗೊತ್ತಿಲ್ಲ, ಅಪ್ಪನ ಹತ್ತಿರ ಒಂದು ಬೇಟೆ ನಾಯಿ ಇತ್ತು, ಮುಧೋಳದ ತಳಿ, ಅದು ಮೂಸುತ್ತಿರಲಿಲ್ಲ, ಬರೀ ನೋಡುತ್ತಿತ್ತು, ಹೊಲದ ಆಚೆ ತುದಿಯಲ್ಲಿ ಮೊಲದ ಕಿವಿ ಅಲ್ಲಾಡಿದರೂ ಅದರ ಮೈ ಬಿಗಿಯುತ್ತಿತ್ತು, ಹಾಗೆ ನಾನು ನೋಡುತ್ತೇನೆ, ಬಸ್ಸು ಜಮಖಂಡಿ ಸ್ಟ್ಯಾಂಡು ಬಿಡುವ ಮೊದಲೇ ಅರವತ್ತು ಮುಖಗಳನ್ನು ನೋಡಿ ಮುಗಿಸಿರುತ್ತೇನೆ, ಟಿಕೆಟ್ ಆಮೇಲೆ, ಮೊದಲು ಮುಖ. ಆಧಾರ ಕಾರ್ಡ್ ತೋರಸ್ರಿ ಯಕ್ಕಾ, ಎಲ್ಲಿಗ್ರಿ, ಮುಧೋಳ ಎರಡು, ಹಿಡೀರಿ — ಬಾಯಿ ತನ್ನ ಪಾಡಿಗೆ ಕೆಲಸ ಮಾಡುತ್ತದೆ, ಬೆರಳು ಮಷಿನ್ನಿನ ಗುಂಡಿ ಒತ್ತುತ್ತದೆ, ಕಣ್ಣು ಮಾತ್ರ ಮೂರನೇ ಸೀಟಿನಲ್ಲಿ, ಮತ್ತು ತಲೆಯೊಳಗಿನ ದನಿ ಆಗಲೇ ಶುರುವಾಗಿದೆ, ರೇಷ್ಮಾ, ನನ್ನ ಬಂಗಾರ, ಆ ಹುಡಿಗಿ ಈಗ ವಾಂ— ಬೇಡ, ಆ ಪದ ಬೇಡ, ಎರಡಕ್ಷರದ ಆ ಪದವನ್ನು ಇಪ್ಪತ್ತೆರಡು ವರ್ಷದಿಂದ ನಾನು ಪೂರ್ತಿ ಬಾಯಿಬಿಟ್ಟು ಹೇಳಿಲ್ಲ, ಹಾವಿಗೆ ಹೆದರುವವರು ಹುಳ ಅನ್ನುತ್ತಾರಲ್ಲ, ಹಾಗೆ ನಾನು ಅದು ಅನ್ನುತ್ತೇನೆ, ಅದು, ಬೇರೆಯವರದು, ನನ್ನದು, ಅದರ ಸದ್ದು, ಅದರ ವಾಸನೆ, ಎಲ್ಲಕ್ಕಿಂತ ಹೆಚ್ಚಾಗಿ ಅದಕ್ಕೂ ಮೊದಲಿನ ಆ ಒಂದು ಕ್ಷಣದ ಮೌನ.

ಆಗ ಹನ್ನೊಂದು ವರ್ಷ ನನಗೆ, ಈ ಹುಡುಗಿಯಷ್ಟೇ, ಬೀಳಗಿ ಕಡೆಯ ಒಂದು ಮದುವೆ ಮುಗಿಸಿ ಟೆಂಪೋದಲ್ಲಿ ಮರಳುತ್ತಿದ್ದೆವು, ಹಿಂದೆ ಇಪ್ಪತ್ತು ಜನ, ಬಿಸಿಲು ಬೀಳದಿರಲೆಂದು ಸುತ್ತಲೂ ತಾಡಪತ್ರಿ ಬಿಗಿದಿದ್ದರು, ಊಟದಲ್ಲಿ ಏನೋ ಹಳಸಿತ್ತು, ಮೊದಲು ಕಾಕಾ, ಆಮೇಲೆ ಚಿಗವ್ವ, ಆಮೇಲೆ ಒಬ್ಬರನ್ನು ನೋಡಿ ಒಬ್ಬರು, ನಾನು ಎಲ್ಲರ ನಡುವೆ ಮೊಣಕಾಲು ತಬ್ಬಿ ಕೂತವಳು, ತಾಡಪತ್ರಿಯ ಹರಕಿಗೆ ಮೂಗು ಒತ್ತಿ, ಏನೂ ಆಗೂದಿಲ್ಲ, ನಿನಗ ಏನೂ ಆಗೂದಿಲ್ಲ, ಏನೂ ಆಗೂದಿಲ್ಲ ಎಂದು ಹೇಳಿಕೊಂಡೆ, ಊರು ಬರುವವರೆಗೆ ಒಂದೂವರೆ ತಾಸು ಹೇಳಿಕೊಂಡೆ, ಮತ್ತು ನನಗೆ ನಿಜಕ್ಕೂ ಏನೂ ಆಗಲಿಲ್ಲ, ಉಳಿದವರೆಲ್ಲ ಮಜ್ಜಿಗೆ ಕುಡಿದು ಮಲಗಿ ಮೂರನೇ ದಿನ ಎದ್ದು ಹೊಲಕ್ಕೆ ಹೋದರು, ಏನೂ ಆಗದ ನಾನೊಬ್ಬಳೇ ಆ ಟೆಂಪೋದಿಂದ ಇವತ್ತಿಗೂ ಇಳಿದಿಲ್ಲ. ಆ ಮಾತೇ ನನ್ನ ತಾಯತವಾಯಿತು, ಮೊಸರನ್ನು ಮೂರು ಸಲ ಮೂಸಿದೆ, ಮಂದಿ ಮನೆಯಲ್ಲಿ ಉಣ್ಣುವುದು ಬಿಟ್ಟೆ, ಬಸ್ಸು ಬಿಟ್ಟೆ, ಹೈಸ್ಕೂಲಿಗೆ ದಿನಾ ಹನ್ನೆರಡು ಕಿಲೋಮೀಟರ್ ನಡೆದೆ, ಅಪ್ಪ ಅಮಸಿದ್ದಪ್ಪ ಕುರಿ ಕಾಯುವವನು, ಅವನಿಗೆ ಅದು ಹೆಮ್ಮೆ, ಕುರಿ ಕಾಯೂರ ಮಗಳ ನೋಡ್ರಿ, ಬಸ್ಸಿನ ಹಂಗs ಇಲ್ಲ ಆಕಿಗೆ ಎಂದು ಕಂಡವರಿಗೆಲ್ಲ ಹೇಳಿದ. ಅಂಥವಳು ಕಂಡಕ್ಟರ್ ನೌಕರಿಗೆ ಯಾಕೆ ಅರ್ಜಿ ಹಾಕಿದೆ ಎಂದರೆ, ಸಿಟ್ಟಿಗೆ, ಪೇಪರಿನಲ್ಲಿ ಜಾಹೀರಾತು ಓದುತ್ತಿದ್ದಾಗ ತಲೆಯೊಳಗಿನದು ಮೆಲ್ಲಗೆ, ಬ್ಯಾರೆ ಯಾವುದರ ನೋಡು ಬಂಗಾರ, ಇದೊಂದು ನಿನ್ನ ಕೈಲೆ ಆಗಾಂಗಿಲ್ಲ ಎಂದಿತು, ಅದರ ಮೇಲಿನ ಸಿಟ್ಟಿಗೆ ಹಾಕಿದೆ, ಆದೇಶ ಬಂದ ದಿನ ಮನೆಯವರು ಪೇಢೆ ಹಂಚುವಾಗ ಹಿತ್ತಿಲಲ್ಲಿ ಅಡಗಿ ಕೂತೆ, ಆದರೂ ಹೋದೆ. ಮುಂದ ಸರೀರಿ, ಮುಂದ ಸರೀರಿ, ನಡುವ ಜಾಗಾ ಐತಿ, ಬಾಗಲದಾಗ ನಿಲ್ಲಬ್ಯಾಡ್ರಿ.

ಐದು ವರ್ಷವಾಯಿತು, ಡ್ಯೂಟಿಯ ದಿನ ಮಧ್ಯಾಹ್ನದವರೆಗೆ ಏನೂ ತಿನ್ನುವುದಿಲ್ಲ, ಹೊಟ್ಟೆಯಲ್ಲಿ ಇಲ್ಲದ್ದು ಹೊರಗೆ ಬರುವುದಿಲ್ಲ ಎಂಬುದು ನನ್ನ ಲೆಕ್ಕ, ಕಿಸೆಯಲ್ಲಿ ಲಿಂಬೆಹಣ್ಣು, ಡ್ರೈವರ್ ಹಿಂದಿನ ಡಬ್ಬಿಯಲ್ಲಿ ಕರಿ ಪ್ಲಾಸ್ಟಿಕ್ ಚೀಲಗಳು, ಬೆವರಿದ ಮುಖ ಕಂಡರೆ ಚೀಲ ಕೊಟ್ಟು ಹಿಂದಿನ ಬಾಗಿಲಿಗೆ ಓಡುತ್ತೇನೆ, ಬೆನ್ನು ತಿರುಗಿಸಿ ನಿಂತು ಏನೂ ಆಗೂದಿಲ್ಲ, ಏನೂ ಆಗೂದಿಲ್ಲ. ಮದುವೆಯಾಗಿ ಆರು ವರ್ಷ, ಪರಮೇಶ ಒಳ್ಳೆಯವನು, ಮಕ್ಕಳು ಈಗ ಬ್ಯಾಡ ಎಂದರೆ ಯಾಕೆ ಎಂದು ಕೇಳುವುದನ್ನೂ ಬಿಟ್ಟಿದ್ದಾನೆ, ಅವ್ವ ಮಾತ್ರ ಬಿಡುವುದಿಲ್ಲ, ಮೂರ ತಿಂಗಳ ವಾಕರಿಕಿ, ಆಮ್ಯಾಲ ಏನಿಲ್ಲ ಬೇ, ಬೀರಪ್ಪ ಕಾಯ್ತಾನ ಅನ್ನುತ್ತಾಳೆ, ಮೂರು ತಿಂಗಳು ಎಂದರೆ ತೊಂಬತ್ತು ದಿನ, ತೊಂಬತ್ತು ಬೆಳಗು, ನಾನು ಅವ್ವನಿಗೆ ಅದನ್ನು ಹೇಗೆ ಹೇಳಲಿ. ಮೂರನೇ ಸೀಟು — ಹುಡುಗಿಯ ಪಕ್ಕದ ಮುದುಕಿ ಆಧಾರ ಕಾರ್ಡನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಳು, ಹೆಸರು ಅನಸವ್ವ, ಇಕಿ ನಮ್ಮ ಮೊಮ್ಮಗಳು ಪೂರ್ಣಿಮಾ ಅಂತರಿ, ಬಾಳ ಶಾಣ್ಯಾಕಿ, ವಸತಿ ಸಾಲಿ ಪರೀಕ್ಷಾ ಐತ್ರಿ ಮುಧೋಳದಾಗ, ಹತ್ತೂವರಿಗೆ, ಮುಟ್ತೈತಿಲ್ರಿ ಬಸ್ಸು? ಮುಟ್ತೈತಿ ಯವ್ವಾ, ಹತ್ತಕ್ಕs ಮುಟ್ತೈತಿ ಎಂದೆ, ಹುಡುಗಿ ನನ್ನನ್ನು ನೋಡಲಿಲ್ಲ, ಎದುರಿನ ಸೀಟಿನ ಕಬ್ಬಿಣದ ಹಿಡಿಯನ್ನೇ ನೋಡುತ್ತಿದ್ದಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ತೊಡೆಯ ಮೇಲೆ ಹಾಲ್ ಟಿಕೆಟ್ ಇಟ್ಟ ರಟ್ಟು, ಅವಳ ತುಟಿ ಅಲ್ಲಾಡುತ್ತಿತ್ತು, ಸದ್ದಿಲ್ಲದೆ, ಒಂದೇ ಮಾತನ್ನು ಮತ್ತೆ ಮತ್ತೆ — ನನಗೆ ತುಟಿ ಓದಲು ಬರುವುದಿಲ್ಲ, ಆದರೆ ಆ ಮಾತು ಓದಲು ಬರುತ್ತದೆ.

ಹುನ್ನೂರ ದಾಟಿತು. ಈ ರಸ್ತೆ ಬಂದರೆ ನನ್ನ ಕಣ್ಣು ತಾನಾಗಿ ಕೆಳಗೆ ಹೋಗುತ್ತದೆ, ಮೂರು ತಿಂಗಳ ಹಿಂದೆ ಇಲ್ಲಿಯೇ ಎಲ್ಲೋ, ಒಬ್ಬ ತಾಯಿ, ಸೊಂಟದ ಮೇಲೆ ಎರಡು ವರ್ಷದ ಮಗು, ಕೂಸಿಗೆ ಆರಾಮ ಇಲ್ರಿ ಯಕ್ಕಾ, ದವಾಖಾನಿಗೆ ಹೊಂಟೇನಿ ಎಂದವಳು, ಮಗು ಬಿಕ್ಕಿತು, ಬಾಯಿ ತೆರೆಯಿತು, ನನ್ನ ಬಾಯಲ್ಲಿ ಸೀಟಿ ಇತ್ತು, ಊದಿದ್ದು ನನಗೇ ಗೊತ್ತಾಗಲಿಲ್ಲ, ಇಳೀರಿ, ಸ್ವಚ್ಛ ಮಾಡ್ಕೊಂಡು ಹಿಂದಿನ ಗಾಡಿಗೆ ಬರ್ರಿ ಎಂದೆ, ಅವಳು ಜಗಳವಾಡಲಿಲ್ಲ, ಜಗಳವಾಡಿದ್ದರೆ ಚೆನ್ನಾಗಿತ್ತು, ಹೂಂ ರಿ ಎಂದು ಇಳಿದಳು, ಎರಡು ಸೀಟಿ ಊದಿದೆ, ಹಿಂದಿನ ಗಾಜಿನಲ್ಲಿ ಅವಳು ಸಣ್ಣಗಾಗುತ್ತಾ ಹೋದಳು, ಅಲ್ಲಿ ಒಂದು ಗಿಡದ ನೆರಳೂ ಇರಲಿಲ್ಲ, ಹಿಂದಿನ ಗಾಡಿ ಇದ್ದದ್ದು ಒಂದು ತಾಸಿಗೆ. ಮುಧೋಳದಲ್ಲಿ ಚಹಾ ಕುಡಿಯುತ್ತಾ ಡ್ರೈವರ್ ಹಣಮಂತಣ್ಣ, ತಂಗಿ, ಯಾರರ ಕೇಳಿದ್ರ ಅವರs ಇಳದ್ರು ಅಂತ ಹೇಳ್ತೇನಿ, ಆದ್ರ ನಿನಗ ಹೇಳ್ತೇನಿ, ಇಳಿಸಿದಾಕಿ ನೀ ಎಂದ, ಅಷ್ಟೇ ಅಂದ, ಆಮೇಲೆ ಎಂದೂ ಆ ಮಾತು ಎತ್ತಲಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಸುಟ್ಟದ್ದು ತಲೆಯೊಳಗಿನ ದನಿ, ಅದು ಅವತ್ತು ಎಷ್ಟು ಪ್ರೀತಿಯಿಂದ, ಛಲೋ ಮಾಡಿದಿ ಬಂಗಾರ, ಪಾರಾದಿ ಎಂದಿತು, ಇಪ್ಪತ್ತೆರಡು ವರ್ಷ ನನ್ನನ್ನು ಕಾಯುತ್ತಿದೆ ಎಂದುಕೊಂಡಿದ್ದೆನಲ್ಲ, ಅದು ಕಾಯುತ್ತಿದ್ದದ್ದು ತನ್ನನ್ನು, ಅವತ್ತು ಮೊದಲ ಸಲ ಅದರ ಮುಖಕ್ಕೆ ಉಗುಳಬೇಕೆನಿಸಿತು.

ಅದಾದ ಮೇಲೆ ನಾನೇ ಹೋದೆ, ತಾಲೂಕು ಆಸ್ಪತ್ರೆಗೆ ಮಂಗಳವಾರ ಬರುವ ಮನಸ್ಸಿನ ಡಾಕ್ಟರು ಸ್ನೇಹಾ ಮೇಡಂ ನನಗಿಂತ ಚಿಕ್ಕವಳು, ಮಾತ್ರೆ ಕೊಡಲಿಲ್ಲ, ನಿಮಗ ನೀವು ಏನೇನ ಹೇಳ್ಕೋತೀರಿ, ಒಂದು ವಾರ ಬರದು ತರ್ರಿ ಎಂದಳು, ಬರೆದೆ, ಹಾಳೆ ತುಂಬಾ ಒಂದೇ ಸಾಲು, ಅದನ್ನು ಓದಿ ಅವಳು, ಏನೂ ಆಗೂದಿಲ್ಲ ಅಂತೀರಿ, ಏನು ಆಗೂದಿಲ್ಲ? ಎಂದಳು, ಅದು ರೀ ಎಂದೆ, ಅಂದ್ರ ದಿನಾ ನೂರಾರು ಸಲ ನೀವs ಅದನ್ನ ನೆನಸ್ತೀರಿ, ಕೂಗಿ ಕರದು ಬರಬ್ಯಾಡ ಅಂದಂಗ, ಹೋಗಲಿ, ಆದ್ರ ಏನಾಗತೈತಿ? — ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ, ಆಗದ ಹಾಗೆ ನೋಡಿಕೊಳ್ಳುವುದರಲ್ಲೇ ಆದರೆ ಏನು ಎಂದು ನೋಡಲು ಪುರುಸೊತ್ತಾಗಿರಲಿಲ್ಲ. ಹಾಳೆಯ ಇನ್ನೊಂದು ಬದಿಗೆ ಬೈಗುಳಗಳಿದ್ದವು, ಹುಚ್ಚಿ, ಹೇಡಿ, ಕೂಸಿಗೆ ಹೆದರೂ ಹೆಣ್ಣು, ಸ್ನೇಹಾ ಮೇಡಂ ಅದಕ್ಕೆ ಬೆರಳಿಟ್ಟು, ಹಿಂಗ ನಿಮ್ಮ ಬಸ್ಸಿನ್ಯಾಗ ಯಾರಿಗರ ಅಂತೀರೇನು? ಇಲ್ರಿ. ಮತ್ತ ಬಸ್ಸಿನ್ಯಾಗ ಏನಂತೀರಿ? ನನಗೆ ನಗು ಬಂತು, ಮುಂದ ಸರೀರಿ, ಜಾಗಾ ಐತಿ ಅಂತೇನ್ರಿ, ಅವಳೂ ನಕ್ಕಳು, ಹಂಗs ಅನ್ರಿ ತಲಿಯೊಳಗಿನ ಆ ದನಿಗೂ, ಇಳಸಾಕ ಹೋಗಬ್ಯಾಡ್ರಿ, ನಿಂತು ಬರಲಿ, ಸೀಟಿ ಮಾತ್ರ ಅದರ ಕೈಯಾಗ ಕೊಡಬ್ಯಾಡ್ರಿ. ಎರಡು ತಿಂಗಳು ಅಂದೆ, ಕೆಲವು ದಿನ ಕೇಳಿತು, ಬಹಳ ದಿನ ಕೇಳಲಿಲ್ಲ, ಒಂದು ದಿನ ಹಿಂದಿನ ಬಾಗಿಲಿಗೆ ಓಡುವ ಬದಲು ನಡೆದು ಹೋದೆ, ಅದನ್ನೇ ದೊಡ್ಡದೆಂದು ಪರಮೇಶನಿಗೆ ಹೇಳಿದೆ, ಅವನಿಗೆ ಅರ್ಥವಾಗಲಿಲ್ಲ, ಆದರೂ ಭೇಷ್ ಎಂದ.

ಬಸ್ಸು ನಿಂತಿತು, ಯಾಕೆ ನಿಂತಿತು, ಮುಂದೆ ಕಬ್ಬಿನ ಟ್ರ್ಯಾಕ್ಟರ್, ಅದರ ಎರಡನೇ ಟ್ರೇಲರಿನ ಗಾಲಿ ರಸ್ತೆ ಬಿಟ್ಟು ಇಳಿದಿದೆ, ಅದರ ಮುಂದೆ ಇನ್ನೂ ನಾಲ್ಕು, ಯಾವುದೋ ಸೌಂಡ್ ಬಾಕ್ಸಿನಲ್ಲಿ ಹಾಡು ಎದೆ ಬಡಿಯುತ್ತಿದೆ, ಹೊಗೆ, ಕಾರ್ಖಾನೆಯ ಕಡೆಯಿಂದ ಕಾಕಂಬಿಯ ಹುಳಿ ವಾಸನೆ, ಒಂಬತ್ತೂವರೆ, ಒಂಬತ್ತೂ ನಲವತ್ತು, ಮತ್ತು ಮೂರನೇ ಸೀಟಿನಲ್ಲಿ ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಯಾರೋ ಹೆಂಗಸು, ಅಯ್ಯ, ಹುಡಿಗಿಗೆ ವಾಂತಿ ಬಂದೈತಿ ನೋಡ್ರಿ, ಕಿಡಕಿ ತಗೀರಿ ಎಂದಳು, ಕಿಟಕಿಯ ಕೆಳಗೆ ಬೈಕುಗಳು ಸಿಕ್ಕಿಕೊಂಡು ನಿಂತಿವೆ, ಒಂದರ ಮೇಲೆ ಕೂಸು ಹೊತ್ತ ತಾಯಿ, ಪಕ್ಕದ ಸೀಟಿನಲ್ಲಿ ಸೀರೆಯ ಗಂಟು ಕಾಲ ಬಳಿ ಇಟ್ಟುಕೊಂಡ ಬನಹಟ್ಟಿಯ ವ್ಯಾಪಾರಿ ಎದ್ದು ನಿಂತ, ಏನ್ರಿ ಬಾಯಾರ, ಇಳಸ್ರಿ ಅವರನ್ನ, ಕೆಳಗ ನನ್ನ ಸೀರಿ ಅದಾವ, ಹೊಲಸಾದ್ರ ಯಾರ ಕೊಡ್ತಾರ, ಹೌದು ಇಳಸ್ರಿ, ಹೆಂಗೂ ಗಾಡಿ ನಿಂತೈತಿ, ಇಳಸ್ರಿ ಎಂದು ಹಿಂದಿನಿಂದ ಇನ್ನೊಬ್ಬ, ಅನಸವ್ವ ತಾನೇ ಎದ್ದಳು, ಅವಮಾನಕ್ಕೆ ಅವಳ ತಲೆಯೇ ಮೇಲಕ್ಕೆ ಬರುತ್ತಿಲ್ಲ, ನಡಿ ಪೂರ್ಣಿ ಇಳಿಯೂನು, ಮಂದಿಗೆ ಯಾಕ ತ್ರಾಸ, ಪರೀಕ್ಷಾ ಮುಂದಿನ ವರ್ಷ ಬರದೀ ಅಂತ. ಹುಡುಗಿ ಕೈ ತೆಗೆಯದೆ ತಲೆಯಾಡಿಸಿದಳು, ಇಲ್ಲ ಎಂದು, ಕಣ್ಣು ತುಂಬಿ ನನ್ನನ್ನು ನೋಡಿದಳು. ಮತ್ತು ತಲೆಯೊಳಗಿನದು, ನನ್ನ ಬಂಗಾರ, ಅವರs ಇಳಿತೇವು ಅನ್ನಾಕತ್ತಾರ, ನೀ ಇಳಿಸಿದಂಗ ಆಗೂದಿಲ್ಲ, ಒಂದು ಸೀಟಿ ಊದು, ಅಷ್ಟs — ಆಗ ಗೊತ್ತಾಯಿತು, ವ್ಯಾಪಾರಿಯ ಮಾತು, ಹಿಂದಿನವನ ಮಾತು, ಮುದುಕಿಯ ಮಾತು, ತಲೆಯೊಳಗಿನ ಮಾತು, ಎಲ್ಲಾ ಒಂದೇ ಮಾತು, ಒಳಗೆ ಇರುವವರೆಗೆ ಅದು ನನ್ನ ರೋಗ ಎಂದುಕೊಂಡಿದ್ದೆ, ಹೊರಗಿನಿಂದ ಕೇಳಿದಾಗ ಅದು ಬರೀ ಒರಟುತನ. ಸೀಟಿ ನನ್ನ ಹಲ್ಲಿನ ನಡುವೆ ಇತ್ತು, ತವರದ ರುಚಿ, ತೆಗೆದು ಕಿಸೆಗೆ ಹಾಕಿದೆ. ಯಾರೂ ಇಳ್ಯಾಂಗಿಲ್ಲ! — ಇದು ನನ್ನ ದನಿಯೇ, ಡ್ರೈವರ್ ಸೀಟಿನವರೆಗೆ ಕೇಳಿಸಿ ಹಣಮಂತಣ್ಣ ತಿರುಗಿ ನೋಡಿದ — ಕುಂದರ್ರಿ ಯವ್ವಾ, ಹುಡಿಗಿ ಪರೀಕ್ಷಾ ಬರೀತಾಳ, ಇದs ವರ್ಷ ಬರೀತಾಳ, ಸರೀರಿ, ದಾರಿ ಬಿಡ್ರಿ.

ಕರಿ ಚೀಲಗಳು ಮುಂದಿನ ಡಬ್ಬಿಯಲ್ಲಿ, ನಡುವೆ ಮೂವತ್ತು ಜನ, ಮುಟ್ಟುವುದಿಲ್ಲ, ಏ ಸಾವಕಾರ್ರ, ಆ ಸೀರಿ ಮ್ಯಾಲಿನ ಪ್ಲಾಸ್ಟಿಕ್ ಬಿಚ್ಚಿ ಕೊಡ್ರಿ, ವ್ಯಾಪಾರಿ ಬಾಯಿ ತೆರೆದ, ಕೊಡ್ರಿ ಅಂದೆ, ಕೊಟ್ಟ, ಹೊಸ ಸೀರೆಯ ಚೀಲ, ಗಾಜಿನಂತೆ ಆಚೆ ಕಾಣುವ ಚೀಲ, ಎಲ್ಲಾ ಬಿಟ್ಟು ಇದು, ದನಿ ಒಳಗೆ ಕಿರುಚಿತು, ಕಾಣತೈತಿ, ಎಲ್ಲಾ ಕಾಣತೈತಿ, ಓಡು, ಮುಂದ ಸರಿ ಎಂದೆ ಅದಕ್ಕೆ, ಜಾಗಾ ಐತಿ, ನಿಂತು ಬಾ, ನನ್ನ ಕಾಲು ಸೋಲುತ್ತಿವೆ, ಸೋಲಲಿ, ನಡುಗುವ ಕಾಲಿನ ಮೇಲೂ ನಿಲ್ಲಬಹುದು, ಐದು ವರ್ಷದಿಂದ ಓಡುವ ಬಸ್ಸಿನಲ್ಲಿ ನಿಂತವಳು ನಾನು. ಎಡಗೈಯಲ್ಲಿ ಚೀಲ, ಬಲಗೈ ಹುಡುಗಿಯ ಹಣೆಗೆ, ಬಿಸಿ ಹಣೆ, ಒದ್ದೆ ಕೂದಲು, ಕೈ ತಗಿ ಪುಟ್ಟಿ ಎಂದೆ, ಅವಳು ತೆಗೆಯಲಿಲ್ಲ, ಬೆರಳಿನ ಸಂದಿಯಿಂದ, ಇಲ್ರಿ ಏನೂ ಆಗೂದಿಲ್ರಿ, ಏನೂ ಆಗೂದಿಲ್ಲ ಎಂದಳು, ನನ್ನ ಮಾತು, ನನ್ನ ಹನ್ನೊಂದು ವರ್ಷದ ಮಾತು ಅವಳ ಬಾಯಲ್ಲಿ, ಆಗಲಿ ಎಂದೆ, ಆದ್ರ ಆಗಲಿ ಬಿಡು, ಏನ್ ಮಾಡತೈತಿ ಅದು, ನಾ ಹಿಡಿದೇನಿ, ಬರಲಿ. ಆ ಮೌನ ಬಂತು, ಆ ಒಂದು ಕ್ಷಣ, ಹಾಡು ಮಾತು ಹಾರ್ನು ಎಲ್ಲಾ ದೂರ ಹೋಗಿ, ಆಮೇಲೆ ಅವಳ ಬೆನ್ನು ಬಿಲ್ಲಾಯಿತು ಮತ್ತು ಆಯಿತು, ಸದ್ದು, ವಾಸನೆ, ಚೀಲ ಬೆಚ್ಚಗೆ ಭಾರವಾಯಿತು, ನಾನು ಕಣ್ಣು ಮುಚ್ಚಲಿಲ್ಲ, ಮುಚ್ಚಬೇಕೆಂದಿದ್ದೆ, ಮುಚ್ಚಲಿಲ್ಲ, ಅವಲಕ್ಕಿ, ಬೆಳಿಗ್ಗೆ ಅಜ್ಜಿ ತಿನ್ನಿಸಿದ ಅವಲಕ್ಕಿ, ಇಷ್ಟೇ, ಇನ್ನೊಂದು ಸಲ, ಒಂದಿಷ್ಟು ನನ್ನ ಹೆಬ್ಬೆರಳಿನ ಮೇಲೆ, ಕೈ ಅಲ್ಲೇ ಇತ್ತು, ಬರಲಿ ಬರಲಿ ಎನ್ನುತ್ತಲೇ ಇದ್ದೆ, ಯಾರಿಗೆ ಹೇಳುತ್ತಿದ್ದೇನೆ ಎಂಬುದು ಗೊತ್ತಾಗದ ಹಾಗೆ. ಮುಗಿದ ಮೇಲೆ ಹುಡುಗಿ ತಲೆ ಎತ್ತದೆ, ತಪ್ಪಾತ್ರಿ ಯಕ್ಕಾ ಎಂದಳು, ತಪ್ಪೇನೈತಿ, ವಾಂತಿ ಆತು ಅಷ್ಟs, ವಾಂತಿ — ಪೂರ್ತಿ ಎರಡಕ್ಷರ, ಗಟ್ಟಿಯಾಗಿ, ಬಸ್ಸಿನ ತುಂಬಾ ಕೇಳಿಸುವ ಹಾಗೆ. ಚೀಲಕ್ಕೆ ಗಂಟು ಹಾಕಿದೆ. ವ್ಯಾಪಾರಿ ತನ್ನ ನೀರಿನ ಬಾಟಲಿ ಚಾಚಿ, ನೀವೊಂದೀಟ ಕುಂದರ್ರಿ ಬಾಯಾರ, ನಿಮ್ಮ ಮಾರಿ ಬೆಳ್ಳಗಾಗೈತಿ ಎಂದ, ಹುಡಿಗಿಗೆ ಕೊಡ್ರಿ ಮೊದಲ ಎಂದೆ. ಮುಂದೆ ಟ್ರೇಲರು ಮೇಲೆ ಬಂತು, ರೈಟ್ ಅಣ್ಣಾ, ರೈಟ್, ಹತ್ತೂಕಾಲರ ಒಳಗ ಮುಟ್ಟಬೇಕು ನೋಡು.

ಹತ್ತು ಹದಿನೆಂಟಕ್ಕೆ ಮುಧೋಳ. ಪರೀಕ್ಷೆಯ ಶಾಲೆ ಸ್ಟ್ಯಾಂಡಿನ ಎದುರಿಗೇ, ಇನ್ನೂ ಹೊತ್ತಿದೆ ಎಂದು ಅನಸವ್ವ ಹುಡುಗಿಯನ್ನು ನಳದ ಬಳಿ ಕರೆದೊಯ್ದಳು, ನಾನು ಚೀಲವನ್ನು ಕಸದ ಡಬ್ಬಿಗೆ ಹಾಕಿ, ಕೈ ತೊಳೆದು, ಬಸ್ಸಿನ ಹಿಂದಿನ ಗಾಲಿಯ ಮರೆಗೆ ಹೋಗಿ ಬಗ್ಗಿ ನಿಂತೆ, ಈಗ ನನ್ನ ಸರದಿ, ಹೊಟ್ಟೆ ತೊಳಸುತ್ತಿದೆ, ಬಾಯಲ್ಲಿ ನೀರು ಬರುತ್ತಿದೆ, ಇಪ್ಪತ್ತೆರಡು ವರ್ಷದ ಬಾಕಿ, ಬಾರಲೇ ಎಂದೆ, ಬರ್ತಿದ್ರ ಬಾ, ಎಷ್ಟ ದಿನಾ ಹೆದರಸ್ತಿ, ಇಲ್ಲೇ ನಿಂತೇನಿ ನೋಡು, ವಾಂತಿ, ಬಾ — ಮೊಣಕಾಲು ಹಿಡಿದು ಕಾದೆ, ಒಂದು ನಿಮಿಷ, ಎರಡು ನಿಮಿಷ, ಬರಲಿಲ್ಲ. ಕರೆದರೆ ಬರಲಿಲ್ಲ, ಬೇಡವೆಂದಾಗ ದಿನಕ್ಕೆ ನೂರು ಸಲ ಬಾಗಿಲು ಬಡಿಯುತ್ತಿದ್ದದ್ದು ಬಾಗಿಲು ತೆಗೆದರೆ ಇಲ್ಲ, ನಾಳೆ ಬರಬಹುದು, ನಾಡಿದ್ದು ಬರಬಹುದು, ಬರಲಿ, ಹುನ್ನೂರ ರಸ್ತೆಯಲ್ಲಿ ಬಿಟ್ಟು ಬಂದ ತಾಯಿಗೆ ಇವತ್ತಿನದು ಮುಟ್ಟುವುದಿಲ್ಲ, ಅದು ನನ್ನ ಮೇಲೆ ಹಾಗೇ ಇದೆ, ಇರಲಿ, ಅದನ್ನು ಹೊತ್ತುಕೊಂಡೇ ಡ್ಯೂಟಿ ಮಾಡುತ್ತೇನೆ. ನೆಟ್ಟಗೆ ನಿಂತೆ, ಮತ್ತು ಕಂಡಳು, ಪೂರ್ಣಿಮಾ, ಪೇರಲ ಹಣ್ಣಿನ ಬುಟ್ಟಿಯ ಮುಂದೆ, ಬಾಯಿ ತೊಳೆದ ನೀರು ಇನ್ನೂ ಗದ್ದದಿಂದ ತೊಟ್ಟಿಕ್ಕುತ್ತಿದೆ, ಹಸಿವ್ಯಾಗೈತಿ ಯಮ್ಮಾ ಎಂದಳು ಅಜ್ಜಿಗೆ, ಹಸಿವೆಯಂತೆ, ಅರ್ಧ ತಾಸಿನ ಹಿಂದೆ ನನ್ನ ಕೈಯಲ್ಲಿ ಬಿಲ್ಲಾದವಳು, ಮುದುಕಿ ಒಂದು ಪೇರಲ ಕೊಯ್ಯಿಸಿ ಖಾರ ಉಪ್ಪು ಸವರಿಸಿ ಕೊಟ್ಟಳು, ಹುಡುಗಿ ಮೂಸಲಿಲ್ಲ, ತಿರುಗಿಸಿ ನೋಡಲಿಲ್ಲ, ಕಚ್ಚಿದಳು, ಕರ್ ಎಂದಿತು. ರಟ್ಟು ಕಂಕುಳಲ್ಲಿ ಇಟ್ಟುಕೊಂಡು ರಸ್ತೆ ದಾಟುತ್ತಾ ಇನ್ನೊಮ್ಮೆ ಕಚ್ಚಿದಳು, ಹಣಮಂತಣ್ಣ ಹಾರ್ನ್ ಹೊಡೆಯುತ್ತಿದ್ದಾನೆ, ತಂಗಿ ಹೊತ್ತಾತು, ಬರುತ್ತೇನೆ ಅಣ್ಣಾ, ಒಂದು ನಿಮಿಷ, ಗೇಟಿನ ಬಳಿ ನಿಂತು ಅವಳು ಅರ್ಧ ಹಣ್ಣನ್ನು ಅಂಗೈಯಲ್ಲಿ ಹಿಡಿದು ನೋಡಿದಳು, ಇನ್ನೂ ಎಷ್ಟು ಉಳಿದಿದೆ ಎಂದು, ಖಾರ ಹತ್ತಿದ ಬಿಳಿ ತಿರುಳು, ಅದರಲ್ಲಿ ಹಲ್ಲಿನ ಗುರುತು, ಬಸ್ಸು ಹಾರ್ನ್ ಹೊಡೆಯುತ್ತಿದೆ, ಪೇರಲ, ಹಲ್ಲಿನ ಗುರುತು, ಅವಳು ಮತ್ತೆ ಬಾಯಿ ತೆರೆದು —